ಬ್ಯಾಟರಿ ತಿನ್ನುವ ಕಿವಿ

ಟೀಚರಮ್ಮ ಬಾಯಿ ತೆರೆಯುವಷ್ಟರಲ್ಲಿ ಲ್ಯಾಪ್‌ಟಾಪ್ ರಿಪೇರಿಯವನು ತುಟಿಯ ಮೇಲೆ ಬೆರಳಿಟ್ಟುಕೊಂಡ. ಬ್ಯಾಟರಿ ಎರಡು ಗಂಟೆಯೂ ಬರುವುದಿಲ್ಲವೆಂದು ಅವಳು ತಂದಿದ್ದಳು. ಯಾವ ಆ್ಯಪ್ ಎಷ್ಟು ಬ್ಯಾಟರಿ ತಿನ್ನುತ್ತಿದೆ ಎಂಬ ಪಟ್ಟಿ ಪರದೆಯ ಮೇಲಿತ್ತು. ಎಲ್ಲಕ್ಕಿಂತ ಮೇಲೆ ಅವಳು ಕಂಡು ಕೇಳದ ಹೆಸರೊಂದು. ಅವನು ರಸೀದಿಯ ಹಿಂಬದಿಗೆ ಬರೆದು ಅವಳ ಕಡೆ ಸರಿಸಿದ: ‘ನಿಮ್ಮ ಮಾತನ್ನೆಲ್ಲ ಇದು ಯಾರಿಗೋ ಕಳಿಸ್ತಾ ಇದೆ. ಈಗಲೂ.’

ಹೋದ ತಿಂಗಳು ‘ತುಂಬ ನಿಧಾನ ಆಗಿದೆ, ಸರಿ ಮಾಡಿಸ್ತೀನಿ’ ಎಂದು ಇದನ್ನು ಒಯ್ದಿದ್ದವನು ಗಂಡ. ಗೋಡೆಗೂ ಕಿವಿಯಿರುತ್ತದೆಂದು ಬಾಗಿಲು ಹಾಕಿಕೊಂಡು, ಇದೇ ಲ್ಯಾಪ್‌ಟಾಪ್ ಪಕ್ಕ ಕೂತು ಅವಳು ಫೋನಿನಲ್ಲಿ ಅಕ್ಕನಿಗೆ ಪಿಸುಗುಟ್ಟಿದ್ದಳು: ‘ಭಾನುವಾರ ಬಂದ್ಬಿಡ್ತೀನಿ ಕಣಕ್ಕ. ಇನ್ನು ಏಟು ತಿನ್ನೋಕಾಗಲ್ಲ.’ ಭಾನುವಾರ ಮನೆಯಲ್ಲಿ ನಿಲ್ಲದ ಗಂಡ ಇವತ್ತು ಬೆಳಿಗ್ಗೆ ಶೂ ಹಾಕಿಕೊಳ್ಳುತ್ತಾ ಹೇಳಿದ್ದ: ‘ಈ ಭಾನುವಾರ ನಾನೆಲ್ಲೂ ಹೋಗಲ್ಲ.’

ರಿಪೇರಿಯವನು ಆ ಆ್ಯಪನ್ನು ನಿಲ್ಲಿಸಲು ಹೋದ. ಅವಳು ಅವನ ಕೈ ತಡೆದಳು. ‘ಹೊಸ ಬ್ಯಾಟರೀನೇ ಹಾಕ್ಬಿಡಪ್ಪ,’ ಎಂದಳು, ಪಾಠ ಹೇಳುವ ದನಿಯಲ್ಲೇ. ‘ಇಲ್ಲೇ ಇರ್ಲಿ, ಸೋಮವಾರ ತಗೊಂಡು ಹೋಗ್ತೀನಿ. ಈಗ ಮನೆಗೆ ಹೋಗಿ ಅಡುಗೆ ಮಾಡ್ಬೇಕು.’ ಹಾಗೆನ್ನುತ್ತಲೇ ರಸೀದಿಯ ಮೇಲೆ ಬರೆದಳು: ‘ಮುಂದಿನ ಬಸ್ಸು ಎಷ್ಟು ಹೊತ್ತಿಗೆ?’