ಚಾಲಕರೊಡನೆ ಮಾತನಾಡಬಾರದು

"ಇಳೀರಿ ಕೆಳಗ," ಎಂದರು ಕೃಷ್ಣಾಜಿ.

ಕಾಸಿಂಬಿ ಇಳಿಯಲಿಲ್ಲ. ಶಾಲೆಯ ಬಸ್ಸಿನಲ್ಲಿ, ಗಂಡನ ಮಗ್ಗುಲ ಸೀಟಿನಲ್ಲಿ, ಮುಂದಿನ ಸರಳನ್ನು ಎರಡೂ ಕೈಯಿಂದ ಹಿಡಿದು ಕೂತೇ ಇದ್ದಳು. ಸ್ಟೇರಿಂಗ್ ಹಿಡಿದಿದ್ದ ಮೀರಾಸಾಬ ನೇರ ಮುಂದಕ್ಕೆ ನೋಡುತ್ತಿದ್ದ. ಹಿಂದೆ ಹತ್ತನೆಯ ಇಯತ್ತೆಯ ಮಕ್ಕಳು ಕಿಸಕ್ಕನೆ ನಕ್ಕರು.

ಕೃಷ್ಣಾಜಿಯವರಿಗೆ ರೇಗಿತು. ರೇಗದೆ ಏನು ಮಾಡಿಯಾರು? ಬಾದಾಮಿಯ ಆ ಶಾಲೆಗೆ ಅವರು ಕಾರ್ಯದರ್ಶಿ. ಇಳಕಲ್ಲಿನ ಸೀರೆ ವ್ಯಾಪಾರಿಯೊಬ್ಬರು ಬೇಡವೆಂದು ಮೂಲೆಗೆ ನಿಲ್ಲಿಸಿದ್ದ ಬಸ್ಸನ್ನು ಎಪ್ಪತ್ತೆಂಟರಲ್ಲಿ ತಂದು, ಬಣ್ಣ ಹೊಡೆಸಿ, ಹೊಳೆಯಾಚೆಯ ಊರುಗಳ ಮಕ್ಕಳಿಗಾಗಿ ಓಡಿಸಿದವರು ಅವರೇ. ಚಾಲಕನ ತಲೆಯ ಮೇಲೆ ಕೆಂಪಕ್ಷರದಲ್ಲಿ 'ಚಾಲಕರೊಡನೆ ಮಾತನಾಡಬಾರದು' ಎಂದು ಬರೆಸಿದವರೂ ಅವರೇ. ಆ ಅಕ್ಷರಗಳ ಕೆಳಗೇ ಕೂತು ಕಾಸಿಂಬಿ ದೀಪಾವಳಿಯಿಂದೀಚೆಗೆ ದಿನಾ ಸಂಜೆ ಬಾಯಿಗೆ ಬಿಡುವಿಲ್ಲದೆ ಹರಟುತ್ತಿದ್ದಳು.

ಎಂಥ ಮಾತು? ಕೆಲಸಕ್ಕೆ ಬಾರದ ಮಾತು. "ಎಮ್ಮಿ ಬಂದ್ವು ನೋಡ್ರಿ. ರಾಚಪ್ಪನ ಚಕ್ಕಡಿ ಹೊಂಟೈತಿ, ಎಷ್ಟ ಕಣಕಿ ಹೇರ್ಯಾನ ಪಾಪ. ಪುಲ್ಲು ಬಂತ್ ನೋಡ್ರಿ, ಹೊಳ್ಯಾಗ ನೀರು ಇನ್ನೂ ಭಾಳ ಐತಿ." ಮೊಮ್ಮಗಳು ವತ್ಸಲಾ ಇದನ್ನೆಲ್ಲ ಅಣಕಿಸಿ ತೋರಿಸಿದಾಗ ಮೊದಲು ಕೃಷ್ಣಾಜಿಯವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆಮೇಲೆ ನಗು ಬರಲಿಲ್ಲ. ಪುಲ್ಲೆಂದರೆ ಮಲಪ್ರಭೆಯ ಮೇಲಿನ ಇಕ್ಕಟ್ಟಾದ ಸೇತುವೆ. ಹೋದ ಮಳೆಗಾಲದಲ್ಲಿ ಅದರ ತಡೆಗೋಡೆ ಕೊಚ್ಚಿಹೋಗಿತ್ತು. ವತ್ಸಲಾಳ ಮನೆ ಸೇತುವೆಯ ಆಚೆ. ಮಗಳಿಗೆ ಇರುವುದು ಅದೊಂದೇ ಕೂಸು. ಹೆಂಡತಿಯ ಹರಟೆ ಕೇಳುತ್ತ ಡ್ರೈವರು ಒಂದು ಗಳಿಗೆ ಮೈಮರೆತರೆ ಗತಿಯೇನು?

ಬೆಳಗಿನ ಸರತಿಗೆ ಕಾಸಿಂಬಿ ಬರುತ್ತಿರಲಿಲ್ಲ. ಸಂಜೆ ಮಾತ್ರ. ಸಂಜೆಯ ಬಸ್ಸಿಗೆ ಹೊಸ ಟೀಚರು ಜಾನಕಿಬಾಯಿ ಹತ್ತುತ್ತಿದ್ದರು. ಇಷ್ಟು ಸಾಕಲ್ಲ, ಶಾಲೆಯವರೆಲ್ಲ ಕಣ್ಣಲ್ಲೇ ಮಾತಾಡಿಕೊಂಡಿದ್ದರು: ಪಾಪ, ಈಕೆಗೆ ಗಂಡನ ಮೇಲೆ ಸಂಶಯ.

ಕೃಷ್ಣಾಜಿ ಮೊದಲು ಮೀರಾಸಾಬನಿಗೆ ಮೆತ್ತಗೇ ಹೇಳಿ ನೋಡಿದ್ದರು. ಅವನು ನೆಲ ನೋಡುತ್ತ ಬೇರೆಯದೇ ರಾಗ ಎಳೆದಿದ್ದ. "ಸಂಜಿ ಗಾಡಿ ಒಂದೀಟು ಲಗೂ ಬಿಡ್ರಿ ಸಾಹೇಬರ. ಹೊತ್ತು ಮುಳುಗೂದ್ರಾಗ ಎಲ್ಲಾರನೂ ಮನಿ ಮುಟ್ಟಸ್ತೇನಿ."

"ಪರೀಕ್ಷಾ ಹತ್ರ ಬಂದಾವ. ಸ್ಪೆಶಲ್ ಕ್ಲಾಸು ಬಿಡ್ಲಿಕ್ಕೆ ಬರ್ತದೇನು?" ಎಂದಿದ್ದರು ಕೃಷ್ಣಾಜಿ. ಮನೆಗೆ ಹೋಗುವ ಅವಸರ ಯಾರಿಗಿರುವುದಿಲ್ಲ?

ಅದಕ್ಕೇ ಇವತ್ತು ತಾವೇ ಬಂದು ನಿಂತಿದ್ದರು.

"ಇಳೀರಿ ಅಂದೆ. ಇದು ಸಾಲಿ ಗಾಡಿ. ಮಕ್ಕಳ ಜೀವದ ಪ್ರಶ್ನಾ ಅದ."

"ಅದಕ್ಕ ಕುಂತೇನ್ರಿ," ಎಂದಳು ಕಾಸಿಂಬಿ.

"ನಿಮ್ಮ ಮನಿ ಮಾತು ಮನ್ಯಾಗ ಇರಲಿ. ಇನ್ನ ಮ್ಯಾಲೆ ಗಾಡ್ಯಾಗ ಒಂದು ಶಬ್ದ ಕೇಳಬಾರದು."

ಮೀರಾಸಾಬ ಆಗ ಬಾಯಿ ಬಿಟ್ಟ. "ಹಂಗಾರ ಇವತ್ತ ಗಾಡಿ ಬ್ಯಾಡ್ರಿ ಸಾಹೇಬರ."

"ಬ್ಯಾಡಂದ್ರ ಕೀಲಿ ಇಲ್ಲೇ ಇಡು. ನಾಳಿಂದ ಬ್ಯಾರೆ ಡ್ರೈವರ್ ಬರ್ತಾನ."

ಕೀಲಿ ಕೊಡಲು ಅವನ ಕೈ ಏಳಲಿಲ್ಲ. ಮನೆ ತುಂಬ ಮಕ್ಕಳು, ಗಾಡಿ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಗಂಡಹೆಂಡತಿ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಕಾಸಿಂಬಿಯೇ ಇಳಿದಳು. ಇಳಿದವಳು ಸೆರಗನ್ನು ಬಾಯಿಗೊತ್ತಿ ಕೃಷ್ಣಾಜಿಯವರ ಹತ್ತಿರ ಬಂದು ನಿಂತಳು.

"ವತ್ಸಲವ್ವನ್ನ ಇವತ್ತ ನಿಮ್ಮ ಮನ್ಯಾಗ ಇಟ್ಟುಕೊಳ್ರಿ. ಕೈ ಮುಗಿತೇನಿ. ಎಲ್ಲಾ ಮಕ್ಕಳನೂ ಇಟ್ಟುಕೊಳ್ರಿ."

ಬೆದರಿಕೆಯೋ, ಶಾಪವೋ? ಕೃಷ್ಣಾಜಿಯವರಿಗೆ ಮೈಯೆಲ್ಲ ಉರಿದುಹೋಯಿತು.

"ನಾನೇ ಹೋಗ್ತೇನಿ ಅವರ ಜೋಡಿ," ಎಂದು ಹತ್ತಿ, ಕಾಸಿಂಬಿಯ ಸೀಟಿನಲ್ಲೇ ಕೂತರು.

ಬಸ್ಸು ಹೊರಟಿತು. ಕಾಸಿಂಬಿ ಗೇಟಿನವರೆಗೂ ಬಸ್ಸಿನ ಹಿಂದೆ ಓಡಿಬಂದು ಅಲ್ಲೇ ಕುಸಿದು ಕೂತಳು. ಹೆಣ್ಣಿನ ಹಟ ಎಂದುಕೊಂಡರು ಕೃಷ್ಣಾಜಿ.

ಬನಶಂಕರಿ ದಾಟುವವರೆಗೆ ಪಡುವಣದಲ್ಲಿ ಒಂದಿಷ್ಟು ಕೆಂಪು ಉಳಿದಿತ್ತು. ಆಮೇಲೆ ಅದೂ ಹೋಯಿತು. ಮೀರಾಸಾಬ ದೀಪ ಹಾಕಿದ. ಆಹಾ, ಎಂಥ ಶಾಂತಿ! ಎಮ್ಮೆಯ ಸುದ್ದಿಯಿಲ್ಲ, ಚಕ್ಕಡಿಯ ಸುದ್ದಿಯಿಲ್ಲ. ಮೀರಾಸಾಬ ಮೈಯೆಲ್ಲ ಕಿವಿಯಾಗಿ, ನಿಧಾನಕ್ಕೆ ಓಡಿಸುತ್ತಿದ್ದ. ಇಷ್ಟು ಎಚ್ಚರ ಮೊದಲೇ ಇದ್ದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ಆದರೆ ಆ ಚಳಿಯಲ್ಲೂ ಅವನ ಕತ್ತಿನ ಮೇಲೆ ಬೆವರು ಇಳಿಯುತ್ತಿತ್ತು.

ಎರಡು ಸಲ ಅವನು ಮಗ್ಗುಲಿಗೆ ತಿರುಗಿ ಏನೋ ಕೇಳಹೋದ. ಎರಡೂ ಸಲ ಕೃಷ್ಣಾಜಿ ಮಾತಾಡದೆ ಕೆಂಪಕ್ಷರಗಳತ್ತ ಬೆರಳು ತೋರಿಸಿದರು. ಅವನು ಆ ಬೆರಳನ್ನು ಗಮನಿಸಲೇ ಇಲ್ಲ. ಸೊಕ್ಕು, ಮತ್ತೇನು.

ಹಿಂದೆ ವತ್ಸಲಾ ಜಾನಕಿಬಾಯಿಯವರ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದಳು. ನೋಡಿ ಕೃಷ್ಣಾಜಿಯವರಿಗೆ ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರಾಯಿತು. ಮುಂದಕ್ಕೆ ತಿರುಗಿದಾಗ ದೀಪದ ಬೆಳಕಿನಲ್ಲಿ ಸೇತುವೆ ಕಂಡಿತು. ಮುಂದಿನ ಗಾಲಿಗಳು ಅದರ ಮೇಲೆ ಏರಿದವು. ಎರಡೂ ಮಗ್ಗುಲಿಗೆ ಕಪ್ಪು ನೀರು. ಬಸ್ಸು ಮೆಲ್ಲಗೆ ಎಡಕ್ಕೆ, ಅಂಚಿನ ಕಡೆಗೆ, ಸರಿಯುತ್ತಿತ್ತು.

"ಸಿಟ್ಟಾಗಬ್ಯಾಡ್ರಿ ಸಾಹೇಬರ, ಒಂದ ಮಾತು ಹೇಳ್ರಿ," ಎಂದ ಮೀರಾಸಾಬ, ಅಗಲಿಸಿದ ಕಣ್ಣುಗಳನ್ನು ನೇರ ಮುಂದಕ್ಕೆ ನೆಟ್ಟು, "ಪುಲ್ಲು ಇನ್ನ ಎಷ್ಟು ದೂರ ಐತಿ?"