ಮೂವತ್ತಕ್ಕೆ ಮೂವತ್ತು

‘ಒಂದನೇ ತಾರೀಕಿನಿಂದ ಈ ಕಚೇರಿಯಲ್ಲಿ ಯಾರೂ ಬಿಲ್ಲು ನೋಡಿ ಬೆಚ್ಚಿಬೀಳತಕ್ಕದ್ದಲ್ಲ.’

ನಿರ್ದೇಶಕಿಯ ಸಹಿ, ಕಂಪನಿಯ ದುಂಡು ಮೊಹರು, ನಾಲ್ಕು ಮೂಲೆಗೆ ನಾಲ್ಕು ಪಿನ್ನು. ಕಾಫಿ ಮಷೀನಿನ ಪಕ್ಕ ಚುಚ್ಚಿದ್ದ ಈ ಆಜ್ಞೆಯನ್ನು ಅಂದಾಜಪ್ಪ ಪೂರ್ತಿ ಓದಿದ. ಓದಿ ಬೆಚ್ಚಿಬಿದ್ದ. ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಸಾಲಿತ್ತು: ‘ಮುಂದಿನ ಮೂವತ್ತು ದಿನ ಅಂದಾಜು ವಿಭಾಗದ ಮುಖ್ಯಸ್ಥರಿಗೂ ಹೊಸ ಊಹಾಯಂತ್ರಕ್ಕೂ ಸ್ಪರ್ಧೆ. ಸೋತವರು ಜಾಗ ಖಾಲಿ ಮಾಡತಕ್ಕದ್ದು.’

ಅಂದಾಜಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಫೀಸು ಇಟ್ಟದ್ದು. ಕಂಪನಿ ಮಾರುವುದು ಬಸ್ಸಿನ ಸೀಟು. ಅದನ್ನು ಮಾರುವ ಕಂಪ್ಯೂಟರುಗಳು, ಅಂದರೆ ಸರ್ವರುಗಳು ಮಾತ್ರ ಬಾಡಿಗೆಯವು, ಎಲ್ಲೋ ದೂರದ ಕ್ಲೌಡಿನಲ್ಲಿ. ಗಿರಾಕಿ ಹೆಚ್ಚಿದರೆ ಅವೂ ತಾವಾಗಿಯೇ ಹೆಚ್ಚುತ್ತವೆ, ಗಿರಾಕಿ ಕರಗಿದರೆ ಅವೂ ಕರಗುತ್ತವೆ. ಹೆಸರಿಗೆ ಮೋಡ, ಸುರಿಯುವುದು ಬಿಲ್ಲು. ನಾಳೆ ಎಷ್ಟು ಸರ್ವರು ಓಡಬಹುದು, ಎಷ್ಟು ಸುರಿಯಬಹುದು ಎಂದು ಇವತ್ತೇ ಹೇಳುವುದು ಅವನ ಹನ್ನೆರಡು ವರ್ಷದ ಅನ್ನ. ಐವತ್ತೆರಡರ ವಯಸ್ಸಿಗೆ ಇನ್ನೊಬ್ಬರು ಕರೆದು ಕೂರಿಸುವಂಥ ವಿದ್ಯೆ ಅದಲ್ಲ.

ಊಹಾಯಂತ್ರ ತಂದವನು ಅವನ ಹೆಂಡತಿಯ ತಮ್ಮ. ಆ ಆಸಾಮಿಯನ್ನು ಕಂಪನಿಗೆ ಸೇರಿಸಿದವನು ಅಂದಾಜಪ್ಪನೇ.

“ಬೇಜಾರ್ ಮಾಡ್ಕೋಬೇಡಿ ಭಾವ,” ಎಂದ ಮೈದುನ, ಕಾಫಿ ಊದುತ್ತ. “ನಿಮ್ದು ಅನುಭವ. ನಂದು ಲೆಕ್ಕ.”

“ಬೇಜಾರ್ಯಾಕೆ? ನಿನ್ನನ್ನ ಸಹಿಸ್ಕೊಳ್ಳೋದು ಮನೇಲೇ ಅಭ್ಯಾಸ ಆಗಿದೆ.”

“ನಿಮ್ಮ ಕುರ್ಚಿ ಸ್ವಲ್ಪ ಕಿರುಗುಟ್ಟುತ್ತೆ ಅಲ್ವಾ? ನಾನು ಕೂತ್ಮೇಲೆ ಎಣ್ಣೆ ಹಾಕಿಸ್ತೀನಿ, ಬಿಡಿ.”

ಮನೆಯಲ್ಲಿ ಹೆಂಡತಿ, “ಯಾರು ಗೆದ್ರೂ ಕುರ್ಚಿ ನಮ್ಮಲ್ಲೇ ಉಳಿಯುತ್ತಲ್ಲ,” ಎಂದಳು. ಅಂದಾಜಪ್ಪ ತಟ್ಟೆ ಸರಿಸಿ ಎದ್ದ.

ತಿಂಗಳ ಕೊನೆಯ ದಿನ, ಊಟದ ಹೊತ್ತು. ಎಲ್ಲರೂ ಕೆಳಗಿಳಿದಿದ್ದರು. ಸರ್ವರು ನಿಯಂತ್ರಿಸುವ ಪುಟದ ಪಾಸ್‌ವರ್ಡು ಇದ್ದದ್ದು ಅಂದಾಜಪ್ಪನೊಬ್ಬನ ಬಳಿ. ತೆರೆದ. ಎರಡು ಖಾನೆ: ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು. ಮೊದಲನೆಯದರಲ್ಲಿ ಇಪ್ಪತ್ತಿತ್ತು, ಎರಡನೆಯದರಲ್ಲಿ ತೊಂಬತ್ತು. ಎರಡನ್ನೂ ಅಳಿಸಿ ಎರಡರಲ್ಲೂ ಅರವತ್ತು ಎಂದು ಒತ್ತಿದ. ಇನ್ನು ಗಿರಾಕಿ ಮುಗಿಬಿದ್ದರೂ ಅರವತ್ತೇ, ನೊಣ ಹೊಡೆದರೂ ಅರವತ್ತೇ. ಬದಲಾವಣೆ ದಾಖಲೆಗೆ ಸೇರುತ್ತದೆ ನಿಜ, ಆದರೆ ಮುಗಿಯುತ್ತಿರುವ ಈ ತಿಂಗಳ ತಾರೀಕಿಗೆ. ಸ್ಪರ್ಧೆ ಶುರುವಾಗುವುದು ನಾಳೆ. ಅದೂ ಯಾರ ಬಿಲ್ಲು ಕಡಿಮೆ ಎಂಬ ಸ್ಪರ್ಧೆಯಲ್ಲ. ಯಾರ ಬಾಯಿಮಾತು ಸರಿ ಎಂಬ ಸ್ಪರ್ಧೆ.

ಒಂದನೇ ತಾರೀಕು ಊಹಾಯಂತ್ರ ಮೂವತ್ತೆಂಟು ಎಂದಿತು. ಅಂದಾಜಪ್ಪ ಅರವತ್ತು ಎಂದ. ಓಡಿದ್ದು ಅರವತ್ತು. ಎರಡನೇ ದಿನ ಯಂತ್ರ ನಲವತ್ತೈದು, ಅವನು ಅರವತ್ತು, ಓಡಿದ್ದು ಅರವತ್ತು. ಯಂತ್ರ ಲೆಕ್ಕ ಹಾಕುತ್ತಿದ್ದದ್ದು ಬರುವ ಪ್ರಯಾಣಿಕರನ್ನು, ಪಾಪ. ಭಾವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಅದಕ್ಕೆ ಯಾರೂ ಕಲಿಸಿರಲಿಲ್ಲ. ಶುಕ್ರವಾರ ಅದು ಎಪ್ಪತ್ತೊಂದು ಎಂದಿತು. ಅವತ್ತು ಅರವತ್ತು ಸರ್ವರು ಸಾಲದೆ, ಸೀಟು ಸಿಗದೆ ಸಾವಿರಾರು ಜನ ಪರದೆ ನೋಡುತ್ತ ಬೈದರು. ಬೈಗುಳ ಬೇರೆ ವಿಭಾಗದ ಆಸ್ತಿ; ಅಂದಾಜಪ್ಪ ಅದನ್ನು ಮುಟ್ಟಲಿಲ್ಲ.

ಹತ್ತನೇ ದಿನ ಮೈದುನ ಅವನ ಮೇಜಿಗೆ ಕೈಯೂರಿ ನಿಂತ. “ಏನೋ ಮಾಡಿದೀರ ಭಾವ.”

“ಅನುಭವ ಕಣಯ್ಯ.”

“ಹಿಡೀತೀನಿ.”

“ಹಿಡಿ. ನಾನೇನು ಓಡ್ತಿದೀನಾ? ಓಡ್ತಿರೋದು ಅರವತ್ತು.”

ಅಂದಿನಿಂದ ಇಬ್ಬರೂ ಒಂದೇ ಲಿಫ್ಟು ಹತ್ತಲಿಲ್ಲ. ಅಂದಾಜಪ್ಪನ ರಕ್ತದೊತ್ತಡ ಮಾತ್ರ ಅರವತ್ತಕ್ಕೆ ನಿಲ್ಲಲಿಲ್ಲ. ಯಾರಾದರೂ ಕೀಬೋರ್ಡು ಕುಟ್ಟಿದರೆ ಎದೆಯೂ ಕುಟ್ಟುತ್ತಿತ್ತು.

ಮೂವತ್ತನೇ ದಿನ ಸಂಜೆ ನಿರ್ದೇಶಕಿ ಇಬ್ಬರನ್ನೂ ಕರೆಸಿದಳು. ಕೂರುವ ಮೊದಲೇ ಮೈದುನ ಬಾಯಿ ತೆರೆದ.

“ಮೇಡಂ, ಇದು ಮೋಸ. ಯಾರೋ ಸೆಟ್ಟಿಂಗ್ ಮುಟ್ಟಿದಾರೆ. ಈ ತಿಂಗಳ ದಾಖಲೆ ತೆಗೆಸಿ.”

“ಧಾರಾಳವಾಗಿ ತೆಗೆಸ್ಲಿ ಮೇಡಂ,” ಎಂದ ಅಂದಾಜಪ್ಪ.

ತೆಗೆಸಿದಳು. ಒಂದರಿಂದ ಮೂವತ್ತರವರೆಗೆ ಖಾಲಿ. ಒಂದು ಚುಕ್ಕೆಯೂ ಇಲ್ಲ.

“ಸೋತವರು ಸೋತ ಹಾಗೇ ಇರ್ಬೇಕು,” ಎಂದಳು ಮೈದುನನಿಗೆ. “ಯಂತ್ರ ವಾಪಸ್ ಕಳಿಸಿ. ಜೊತೆಗೆ ನೀವೂ ಹೊರಡಿ.”

ಮೈದುನನ ಮುಖ ಸುಟ್ಟ ಬದನೆಕಾಯಾಯಿತು. “ಅಕ್ಕನ ಮುಖ ನೋಡ್ಕೊಂಡು ಸುಮ್ನಿದೀನಿ,” ಎಂದು ಭಾವನ ಕಿವಿಯ ಹತ್ತಿರ ಹಲ್ಲು ಕಡಿದು, ಬಾಗಿಲು ಬಡಿದು ಹೋದ. ಆ ಸದ್ದು ಅಂದಾಜಪ್ಪನಿಗೆ ಚಪ್ಪಾಳೆಯಂತೆ ಕೇಳಿಸಿತು.

“ಮೂವತ್ತಕ್ಕೆ ಮೂವತ್ತು,” ಎಂದಳು ನಿರ್ದೇಶಕಿ. “ಬಿಲ್ಲು ಸ್ವಲ್ಪ ದಪ್ಪ ಆಗಿದೆ. ಆದ್ರೆ ಹೇಳಿದಷ್ಟೇ ಬಂದಿದೆ. ನಾಳೆ ಎಷ್ಟು?”

“ಅರವತ್ತು, ಮೇಡಂ.”

“ನಾಡಿದ್ದು?”

“ಅರವತ್ತೇ.”

“ಬರೋ ವರ್ಷ ಇದೇ ದಿನ?”

ಅಂದಾಜಪ್ಪ ಕಣ್ಣು ಮುಚ್ಚಿ, ಹನ್ನೆರಡು ವರ್ಷದ ಅನುಭವವನ್ನೆಲ್ಲ ಹಣೆಗೆ ತಂದುಕೊಂಡು, “ಅರವತ್ತು” ಎಂದ.

ನಿರ್ದೇಶಕಿ ಮುಂದಿದ್ದ ಹಾಳೆಯನ್ನು ಅವನತ್ತ ತಿರುಗಿಸಿದಳು. ಅವಳ ಕೈಬರಹದಲ್ಲಿ ಮೂರು ಸಲ ಅರವತ್ತು.

“ನಾನೂ ಅಷ್ಟೇ ಬರ್ಕೊಂಡಿದ್ದೆ. ಬದಲಾಗದೇ ಇರೋದನ್ನ ಅಂದಾಜು ಮಾಡೋಕೆ ವಿಭಾಗ ಯಾಕ್ರೀ? ಅಥವಾ ಅದು ಬದಲಾಗುತ್ತೆ ಅಂತೀರಾ?”

ಬದಲಾಗುತ್ತದೆ ಎಂದರೆ, ಇಷ್ಟು ದಿನ ಬದಲಾಗದಂತೆ ಮಾಡಿದವರಾರು ಎಂದು ಹೇಳಬೇಕು. ಅಂದಾಜಪ್ಪ ಅವಳು ಚಾಚಿದ ಲಕೋಟೆ ತೆಗೆದುಕೊಂಡು ಒಡೆದ.

‘ಅಂದಾಜು ವಿಭಾಗವನ್ನು ಇಂದಿನಿಂದ ಮುಚ್ಚಲಾಗಿದೆ. ಪ್ರತಿದಿನ ಬೆಳಿಗ್ಗೆ “ಅರವತ್ತು” ಎಂದು ಹೇಳುವ ಕೆಲಸವನ್ನು ಗೇಟಿನ ವಾಚ್‌ಮನ್‌ಗೆ ಹೆಚ್ಚುವರಿಯಾಗಿ ವಹಿಸಲಾಗಿದೆ.’