ಕೂಸಿಗೆ ಎರೆದ ಶುಕ್ರವಾರ

ಕಾಗೆ ಕೂಡ ಕೆಂಪಗಿದ್ದ ಕಾಲವದು. ಎಮ್ಮೆ ಕೆಂಪು, ಬೇವಿನ ಮರ ಕೆಂಪು, ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳ ಕೆಂಪು. ಸಂಡೂರು ಗುಡ್ಡದ ಅದಿರು ಹೊತ್ತ ಲಾರಿಗಳು ಸಾಲು ತಪ್ಪದೆ ಧೂಳೆಬ್ಬಿಸಿ ಹಾಯುತ್ತಿದ್ದ ಯಶವಂತನಗರದಲ್ಲಿ ಒಬ್ಬ ರಾಜ, ಒಬ್ಬಳು ರಾಣಿ. ರಾಜ ಪಂಪೇಶ್ ಟಿಪ್ಪರ್ ಓಡಿಸುತ್ತಿದ್ದ. ರಾಣಿ ಸುಮಂಗಲಾ ಎರಡು ತಿಂಗಳ ಬಾಣಂತಿ. ಅವರಿಗೊಂದು ಹೆಣ್ಣು ಕೂಸು, ಇನ್ನೂ ಹೆಸರಿಟ್ಟಿರಲಿಲ್ಲ.

ಕೂಸಿಗೆ ದಿನಾ ಎರೆಯುತ್ತಿದ್ದವಳು ಸುಮಂಗಲಾಳ ತಾಯಿ ದುರ್ಗಕ್ಕ. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿ ನೀರು ಹಾಕುವಳು. ಲೋಬಾನದ ಹೊಗೆ ತೋರಿಸಿ, ತಲೆ-ಕತ್ತು ಮುಚ್ಚುವಂತೆ ಕುಲಾವಿ ಕಟ್ಟಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತಾಯಿಯ ಮಗ್ಗುಲಿಗೆ ತಂದು ಮಲಗಿಸುವಳು. ಬಾಣಂತಿ ನೀರು ಮುಟ್ಟುವಂತಿರಲಿಲ್ಲ, ಗಂಡಸು ಇಣುಕುವಂತಿರಲಿಲ್ಲ. ಒಂದು ಸೋಮವಾರ ಅವಳ ಊರು ಕಮಲಾಪುರದಿಂದ ಬಾಳೆಗೊನೆ ಕಡಿಯುವ ಕೆಲಸಕ್ಕೆ ಕರೆ ಬಂತು. ದುರ್ಗಕ್ಕ ಚೀಲ ಹಿಡಿದು ನಿಂತಳು.

“ತಾಯಿ-ಮಗಳನ್ನ ನನ್ನ ಕೂಡ ಕಳಸ್ರಿ. ಈ ಧೂಳಾಗ ಕೂಸು ಬ್ಯಾಡ.”

“ಹದಿನಾರು ಟನ್ನಿನ ಗಾಡಿ ನೋಡ್ಕೊಳ್ತೀನಿ ಅತ್ತಿ, ನಾಕು ಕೇಜಿ ಕೂಸು ನೋಡ್ಕೊಳ್ಳಾಕ ಆಗಂಗಿಲ್ಲೇನ್ರಿ?”

“ನಿಮ್ಮ ಗಾಡಿ ಉಚ್ಚಿ ಹೊಯ್ಯಂಗಿಲ್ಲ. ಆತು, ಶುಕ್ರವಾರ ಹನ್ನೊಂದರ ಬಸ್ಸಿಗೆ ಬರ್ತೀನಿ. ಜಳಜಳ ನೀರು ಹಾಕ್ರಿ. ಮೈಮ್ಯಾಲ ಇಷ್ಟ ಕೆಂಪು ಕಂಡ್ರೂ ಅವತ್ತ ಇಬ್ಬರೂ ಕಮಲಾಪುರಕ್ಕ. ನೀವು ಮಾತಾಡಂಗಿಲ್ಲ.”

ಪಂಪೇಶ್ ಅತ್ತೆಯ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟ.

ಸೋಮವಾರ ನಲ್ಲಿ ಬರಲಿಲ್ಲ. ಮಂಗಳವಾರ ನೀರು ಕಾಯುವಷ್ಟರಲ್ಲಿ ಮೂವರಿಗೂ ನಿದ್ದೆ ಹತ್ತಿತ್ತು. ಎದ್ದಾಗ ನೀರು ತಣ್ಣಗೆ, ಕೂಸು ಒದ್ದೆ. ಬುಧವಾರ ಮೈಗೆ ಎಣ್ಣೆ ಹಚ್ಚಿಸಿಕೊಂಡ ಕೂಸು ಪಂಪೇಶನ ಕೈಯಿಂದ ಎರಡು ಸಲ ಸುಮಂಗಲಾಳ ಮಡಿಲಿಗೆ ಜಾರಿತು. ಗಂಡ-ಹೆಂಡತಿ ಅತ್ತರು, ಕೂಸು ಸುಮ್ಮನಿತ್ತು. ಗುರುವಾರ ಪಂಪೇಶನಿಗೆ ಡಬಲ್ ಶಿಫ್ಟ್. ಹಸಿ ಬಟ್ಟೆಯಲ್ಲಿ ಒರೆಸಿದ್ದೇ ಆಯಿತು. ಶೀತವಾದೀತೆಂದು ಕುಲಾವಿಯನ್ನು ಮಾತ್ರ ಯಾರೂ ಬಿಚ್ಚಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಸುಮಂಗಲಾ ಬಚ್ಚಲಲ್ಲಿ ಕಾಲು ಚಾಚಿ ಕೂತಳು. ಪಂಪೇಶ್ ಕುಲಾವಿ ಬಿಚ್ಚಿ ಕೂಸನ್ನು ಬೋರಲು ಮಲಗಿಸಿದ. ಇಳಿದ ನೀರು ಮೊದಲು ಕೆಂಪು, ಆಮೇಲೆ ತಿಳಿ. ಆದರೆ ಕತ್ತಿನ ಹಿಂದೆ, ಕೂದಲಿನ ಅಂಚಿನಲ್ಲಿ, ಎರಡು ಬೆರಳಗಲ ಕೆಂಪು ಹಾಗೇ ಉಳಿಯಿತು.

“ಅಲ್ಲಿ ತಿಕ್ಕರಿ.”

“ತಿಕ್ಕಾಕತ್ತೀನಿ.”

ಸೋಪು ಹಚ್ಚಿದರು. ಕಡಲೆಹಿಟ್ಟು ಹಚ್ಚಿದರು. ಕೂಸು ಕಿರುಚಿದಷ್ಟೂ ಕೆಂಪು ಏರಿತು.

“ಎಂಜಿನ್ನಿಗೆ ಹತ್ತಿದ ಧೂಳೂ ಹಿಂಗ. ಇಷ್ಟ ಡೀಸೆಲ್ ಬಟ್ಟಿಲೆ ಒರಸಿದ್ರ...”

“ರೀ! ಗಾಡಿ ಅಲ್ಲ ಅದು, ನಿಮ್ಮ ಮಗಳು!”

“ಹಂಗಾದ್ರ ನೀನ ಹೇಳು. ಹನ್ನೊಂದಾಗಾಕ ಬಂತು.”

ಹೊರಗೆ ಬಸ್ಸು ನಿಂತ ಸದ್ದಾಯಿತು. ಸುಮಂಗಲಾ ಹಸಿ ತಲೆಯ ಮೇಲೇ ಕುಲಾವಿ ಎಳೆದು ದಾರ ಬಿಗಿದಳು. “ಅವ್ವಗ ಹೇಳಬ್ಯಾಡ್ರಿ. ಮುಚ್ಚಿದ್ರ ಕಾಣಂಗಿಲ್ಲ.”

ದುರ್ಗಕ್ಕ ಚಪ್ಪಲಿ ಬಿಟ್ಟು ನೇರ ಬಚ್ಚಲಿಗೇ ಬಂದಳು. “ಒದ್ದಿ ತಲಿಗೆ ಕುಲಾವಿ! ಯಾವ ಜಾಣ ಕಟ್ಟಿದ ಇದನ್ನ?” ಕೂಸನ್ನು ಎತ್ತಿಕೊಂಡು ದಾರಕ್ಕೆ ಕೈ ಹಾಕಿದಳು.

“ಬಿಚ್ಚಬ್ಯಾಡ್ರಿ ಅತ್ತಿ,” ಎಂದ ಪಂಪೇಶ್, ಗೋಡೆ ನೋಡುತ್ತ. “ಒಂದು ತಾಸಿನಿಂದ ತಿಕ್ಕೀವಿ. ಕತ್ತಿನ ಹಿಂದಿಂದು ಹೋಗವಲ್ದು. ನನ್ನ ಕೈಲೆ ಆಗಲಿಲ್ಲ. ಕರಕೊಂಡು ಹೋಗ್ರಿ.”

ದುರ್ಗಕ್ಕ ಕುಲಾವಿ ಬಿಚ್ಚಿದಳು. ಬೆರಳಿನಿಂದ ಕೂದಲು ಸರಿಸಿ ನೋಡಿದಳು. ಅಳಿಯನ ಕಡೆ, ಆಮೇಲೆ ಮಗಳ ಕಡೆ ನೋಡಿದಳು.

“ಅಯ್ಯ ನಿಮ್ಮ! ಇದು ಹುಟ್ಟುಮಚ್ಚಿ. ಮೊದಲನೇ ದಿನದಿಂದ ಐತಿ. ಅತ್ತರ ಏರ್ತೈತಿ, ಮಲಗಿದ್ರ ಇಳೀತೈತಿ. ಈ ಊರಾಗ ಕೆಂಪಗಿರೋದೆಲ್ಲಾ ಗಣಿ ಕಂಪನೀದು ಅಂತ ತಿಳಕೊಂಡೀರೇನು?”

ಅವಳು ಮಗಳ ಕಡೆ ತಿರುಗಿದಳು. “ಅವರು ಗಂಡಸ್ರು, ಬಿಡು. ನಿನಗೇನಾಗಿತ್ತು? ಎರಡು ತಿಂಗಳು ಮಗ್ಗಲದಾಗ ಹಾಕ್ಕೊಂಡು ಮಲಗಿ, ನಿನ್ನ ಕೂಸಿನ ಕತ್ತು ನೀನ ನೋಡಿಲ್ಲೇನಲೇ?”

“ನೀ ಬಿಚ್ಚಾಕ ಎಲ್ಲಿ ಬಿಟ್ಟಿ, ಯವ್ವಾ?”

ದುರ್ಗಕ್ಕ ಕೂಸನ್ನು ಮಗಳ ಕಾಲ ಮೇಲೆ ಮರಳಿ ಮಲಗಿಸಿದಳು. ತಂಬಿಗೆ ಮುಟ್ಟದೆ, ಬಚ್ಚಲ ಹೊಸ್ತಿಲಿನ ಆಚೆಗೆ ಸರಿದು ಕೂತಳು.

“ನೀರು ಆರ್ತೈತಿ. ಮುಗಸ್ರಿ.”

ಸುಮಂಗಲಾ ಉಳಿದ ನೀರು ಹಾಕಿದಳು, ಕತ್ತಿನ ಮೇಲೆ ಬರೀ ಅಂಗೈ ಆಡಿಸುತ್ತ. ಕೂಸಿನ ಅಳು ಬಿಕ್ಕಾಯಿತು, ಬಿಕ್ಕು ಆಕಳಿಕೆಯಾಯಿತು. ಕೊನೆಯ ತಂಬಿಗೆಯನ್ನು ಪಂಪೇಶ್ ಕೂಸಿನ ಸುತ್ತ ಮೂರು ಸಲ ನಿವಾಳಿಸಿ ಬಚ್ಚಲ ಬಾಯಿಗೆ ಚೆಲ್ಲಿದ. ಅಲ್ಲಿಗೆ ನೀರು ಹಾಕಿದ್ದು ಮುಗಿಯಿತು. ಸುಮಂಗಲಾ ಟವೆಲ್ ಸುತ್ತಲು ಹೋದಳು.

“ತಡಿ ಸುಮಾ, ಮುಚ್ಚಬ್ಯಾಡ,” ಎಂದ ಪಂಪೇಶ್. ಅವನು ಕೂಸಿನ ಪಾದ ಎತ್ತಿ ಹಿಮ್ಮಡಿ ನೋಡುತ್ತಿದ್ದ. “ಇನ್ನೂ ಏನೇನೈತಿ ನೋಡೂಣು.”